ಕೌಂಟರಿನ ಕೆಳಗಿನ ನೆಲ

ಮಾರ್ಚ್ ೪

ಅಕ್ಕನಿಗೆ ತಮ್ಮನ ನಮಸ್ಕಾರ.

ಆರು ವರ್ಷದ ಮೇಲೆ ನನ್ನ ಅಕ್ಷರ ಕಂಡಿತೆಂದು ಲಕೋಟೆಯನ್ನು ಒಡೆಯದೆ ಒಲೆಗೆ ಹಾಕಬೇಡ. ಫೋನು ಮಾಡೋಣವೆಂದರೆ ನನ್ನ ನಂಬರಿಗೆ ಬೀಗ ಜಡಿದಿದ್ದೀಯ. ಬೇರೆಯವರ ಫೋನಿನಿಂದ ಮಾಡಿದರೆ ನಾನು ‘ಅಕ್ಕಾ’ ಅನ್ನುವುದರೊಳಗೆ ಕತ್ತರಿಸಿದೆ. ದರ್ಜಿಯ ಕೈ, ಕತ್ತರಿ ಚುರುಕು. ಹಾಗಾಗಿ ಕಾಗದ.

ಹಳೆಯ ತಂತಿ ಕಚೇರಿಯ ಮುಂದಿನ ಹಜಾರ ನನ್ನ ಕೈಗೆ ಬಂದಿದೆ. ಅಪ್ಪ ನೆಲ ಹಾಕಿದ ಅದೇ ಹಜಾರ. ತಂತಿ ಕಳಿಸುವವರಿಲ್ಲದೆ ಬಾಗಿಲು ಮುಚ್ಚಿ ಎಷ್ಟೋ ಕಾಲವಾಯಿತಲ್ಲ, ಈಗ ಒಂದು ಆಸ್ಪತ್ರೆಯವರು ತೆಗೆದುಕೊಂಡಿದ್ದಾರೆ. ಮಂಡಿ ಮುರಿದವರು, ಲಕ್ವ ಹೊಡೆದವರು ಮತ್ತೆ ನಡೆಯಲು ಕಲಿಯುವ ಜಾಗ ಮಾಡುತ್ತಾರಂತೆ. ಉದ್ದಕ್ಕೆ ಎರಡು ಸರಳು ನಿಲ್ಲಿಸಿ, ಹಿಡಿದುಕೊಂಡು ನಡೆಸುವುದು. ಹಿಂದೆ ಸುದ್ದಿ ಓಡುತ್ತಿದ್ದ ಕಡೆ ಇನ್ನು ಮುಂದೆ ಜನ ತೆವಳುತ್ತಾರೆ.

ತೊಂದರೆ ಏನೆಂದರೆ, ಕಬ್ಬಿಣದ ಕಟಾಂಜನದ ಕಂಬಗಳನ್ನೂ ಫಾರಂ ಬರೆಯುವ ಮೇಜುಗಳನ್ನೂ ಕಿತ್ತೆವು. ಕಿತ್ತ ಕಡೆಯೆಲ್ಲ ಮೊಸಾಯಿಕ್ ಇಲ್ಲ, ಬೋಳು ಗಾರೆ. ಒಟ್ಟು ಒಂಬತ್ತು ಕಡೆ, ಒಂದೊಂದೂ ಊಟದ ತಟ್ಟೆಯಷ್ಟು. ನೆಲ ಅಷ್ಟು ಚೆನ್ನಾಗಿ ಉಳಿದಿದೆ ಅಕ್ಕ, ಉಜ್ಜಿದರೆ ಮುಖ ಕಾಣುತ್ತದೆ. ನನ್ನ ಮುಖ ಕಂಡು ನಾನೇ ಹೆದರಿದೆ. ಒಂಬತ್ತು ತೇಪೆ ಹೊಂದಿಕೆಯಾದರೆ ಸಾಕು, ಆಸ್ಪತ್ರೆಯ ಇಂಜಿನಿಯರಮ್ಮ ಈ ನೆಲವನ್ನೇ ಉಳಿಸಿಕೊಳ್ಳುತ್ತಾರೆ. ಆಗದಿದ್ದರೆ ಏಪ್ರಿಲ್ ಕೊನೆಗೆ ಇದರ ಮೇಲೆ ಟೈಲ್ಸು ಮುಚ್ಚುವುದೆಂದು ಖಡಾಖಂಡಿತ ಹೇಳಿದ್ದಾರೆ. ನಡೆಯಲಾರದವರ ನೆಲದಲ್ಲಿ ಒಂಬತ್ತು ಗಾಯ ಇರಬಾರದು ಅನ್ನುತ್ತಾರೆ. ಅದು ನ್ಯಾಯವೇ.

ಅಪ್ಪನ ಆ ಮಿಶ್ರಣ ನಿನಗೆ ನೆನಪಿರಬೇಕು. ನನಗೂ ಅಲ್ಪಸ್ವಲ್ಪ ನೆನಪಿದೆ, ಖಚಿತವಾಗಲೆಂದು ಕೇಳುತ್ತಿದ್ದೇನೆ. ಯಾವ ಕಲ್ಲಿನ ಹರಳು, ಎಷ್ಟು ಪಾಲು, ಬಣ್ಣಕ್ಕೆ ಏನು, ಒಂದು ಕಾರ್ಡಿನಲ್ಲಿ ಬರೆದು ಹಾಕು. ಹಳೆಯದನ್ನು ಮರೆತುಬಿಡೋಣ.

ಇಂತಿ ನಿನ್ನ ಪ್ರೀತಿಯ
ತಮ್ಮ


ಮಾರ್ಚ್ ೧೩

ಗುತ್ತಿಗೆದಾರರಿಗೆ,

‘ಅಲ್ಪಸ್ವಲ್ಪ ನೆನಪಿದೆ’ ಅಂತ ಬರೆದಿದ್ದೀಯ. ಅಷ್ಟು ಓದಿ ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಅದೇ ಇತ್ತು.

ಹಜಾರದ ಬಾಗಿಲ ಬಲಗಡೆ ಗೋಡೆಯಲ್ಲಿ ಒಂದು ಕಲ್ಲಿದೆ. ಧೂಳಾಗಿದ್ದರೆ ಒರೆಸು. ‘ನೆಲದ ಕೆಲಸ: ಮೇಸ್ತ್ರಿ ಮತ್ತು ಮಗ’ ಅಂತ ಕೆತ್ತಿದೆ. ಆ ಮಗನನ್ನು ಕೇಳು. ಅವನೇ ಹರಳು ಆರಿಸಿದವನು, ಅವನೇ ಕಲಸಿದವನು, ಹದಿನಾಲ್ಕನೇ ವಯಸ್ಸಿಗೇ ಅಪ್ಪನನ್ನು ಮೀರಿಸಿದವನು. ಅಪ್ಪ ಹೋದ ದಿನ ಮನೆ ತುಂಬ ಕೂತವರಿಗೆಲ್ಲ ನೀನೇ ತಾನೆ ಈ ಕಥೆ ಹೇಳಿದ್ದು? ‘ಅಪ್ಪನ ಕಣ್ಣು, ನನ್ನ ಕೈ’ ಅಂದೆ. ಎಲ್ಲರೂ ಅತ್ತರು. ನಾನು ಚಪ್ಪಲಿ ಹುಡುಕಿಕೊಂಡು ಹೊರಟೆ. ಆಮೇಲೆ ಆ ಮಾತನ್ನು ವಿಸಿಟಿಂಗ್ ಕಾರ್ಡಿನ ಮೇಲೂ ಹಾಕಿಸಿದೆಯಂತೆ, ಬಂಗಾರದ ಅಕ್ಷರದಲ್ಲಿ.

ನನಗೆ ನೆನಪಿರುವುದು ಬೇರೆ. ನಾನು ಹದಿನೆಂಟರವಳು, ಬೆಳಗಿನಿಂದ ಸಂಜೆವರೆಗೆ ಜರಡಿ ಹಿಡಿದು ಕೂತಿರುತ್ತಿದ್ದೆ. ಹರಳು ತೊಳೆದು ತೊಳೆದು ಉಗುರು ಸವೆದಿತ್ತು. ಕಲಸಿದವಳು ನಾನು. ಅಪ್ಪ ಹಿಂದೆ ನಿಂತು ‘ಹ್ಞೂಂ’ ಅನ್ನುತ್ತಿದ್ದರು, ಹೆಚ್ಚೆಂದರೆ ‘ಹ್ಞೂಂ ಹ್ಞೂಂ’. ನೀನು ನೀರು ತರುತ್ತಿದ್ದೆ. ನೀರು ತಂದಿಟ್ಟು ಸಿಮೆಂಟು ಚೀಲದ ಮೇಲೆ ಮಲಗುತ್ತಿದ್ದೆ. ಕೆಲಸಕ್ಕೆ ಕರೆದರೆ ಕಿವುಡ, ಊಟಕ್ಕೆ ಕರೆದರೆ ಹದ್ದು.

ಮಿಶ್ರಣ ಬೇಕೋ? ನಿನ್ನ ಇಂಜಿನಿಯರಮ್ಮನಿಗೆ ಒಂದು ಕಾಗದ ಬರೆ: ‘ಈ ಹಜಾರದ ನೆಲ ಕಲಸಿದ್ದು ನಾನಲ್ಲ, ನನ್ನ ಅಕ್ಕ.’ ಏಳೇ ಪದ, ತಂತಿಗೂ ಆಗುವಷ್ಟು ಚಿಕ್ಕದು. ಅದರ ನಕಲು ನನಗೆ ಬರಲಿ. ಬಂದ ದಿನವೇ ಮಿಶ್ರಣ ಹೊರಡುತ್ತದೆ. ಬಾಯಿಮಾತು ಬೇಡ. ಮಾತಾದರೆ ನೀನು ನುಂಗುತ್ತೀಯ, ಕಾಗದವಾದರೆ ಅಗಿಯಬೇಕಾಗುತ್ತದೆ.

ಹಳೆಯದನ್ನು ಮರೆಯೋಣ ಅಂತ ಬರೆದಿದ್ದೀಯ. ಮರೆತವನಿಗೆ ಮಿಶ್ರಣ ಯಾಕೆ?

ಇತಿ
ಪ್ರೀತಿಯ ಸ್ಟಾಕು ಸದ್ಯಕ್ಕಿಲ್ಲದ
ಅಕ್ಕ


ಮಾರ್ಚ್ ೨೨

ಅಕ್ಕ,

ಕಲ್ಲು ಒರೆಸಿದೆ. ನೀನು ಹೇಳಿದ್ದೇ ಇದೆ. ಆದರೆ ಕೆತ್ತಿದವನು ನಾನಲ್ಲ, ಕೆತ್ತಿಸಿದವನೂ ನಾನಲ್ಲ. ಹದಿನಾಲ್ಕು ವರ್ಷದವನನ್ನು ಕರೆದು ‘ಏನು ಬರೆಸೋಣ ಸ್ವಾಮಿ?’ ಅಂತ ಯಾರೂ ಕೇಳಲಿಲ್ಲ. ಅಪ್ಪನ ಮೇಲಿನ ಸಿಟ್ಟನ್ನು ಅಪ್ಪನಿರುವಾಗಲೇ ತೀರಿಸಿಕೊಳ್ಳಬೇಕಿತ್ತು. ಅವರ ಎದುರು ಬಾಯಿ ಬಿಡಲಿಲ್ಲ, ನನ್ನ ಎದುರು ಬಾಯಿ ಮುಚ್ಚುತ್ತಿಲ್ಲ.

ನೀನು ಕೇಳಿದ್ದನ್ನು ಬರೆಯಲಾರೆ. ಯಾಕೆಂದು ನೇರವಾಗಿ ಹೇಳುತ್ತೇನೆ. ಈ ಕೆಲಸಕ್ಕೆ ನನಗಿಂತ ದೊಡ್ಡ ದೊಡ್ಡವರು ಬಂದಿದ್ದರು. ಇಂಜಿನಿಯರಮ್ಮ ಅವರನ್ನೆಲ್ಲ ಬಿಟ್ಟು ನನ್ನನ್ನು ಆರಿಸಿದ್ದು ಆ ಕಲ್ಲು ನೋಡಿ. ‘ಕಲಸಿದ ಕೈಯೇ ಸಿಕ್ಕಿದ ಮೇಲೆ ಬೇರೆ ಕೈ ಯಾಕೆ?’ ಅಂದರು. ಹ್ಞೂಂ ಅಂದೆ. ಈಗ ಹೋಗಿ, ಅಮ್ಮಾ, ನನ್ನದು ನೀರಿನ ಕೈ ಅನ್ನಲೇ? ನಿನಗೆ ನನ್ನ ಮಾನದ ಮೇಲೆ ಕತ್ತರಿ ಆಡಿಸುವ ಆಸೆ. ಬಟ್ಟೆ ಹೊಲಿಯುವ ಅಂಗಡಿಯಲ್ಲಿ ಕೂತು ನಾಲಿಗೆಗೂ ಸಾಣೆ ಹಿಡಿಸಿದ್ದೀಯ.

ಇಪ್ಪತ್ತೈದು ವರ್ಷದಿಂದ ನಾನು ಟೈಲ್ಸಿನ ಕೆಲಸ ಮಾಡುತ್ತಿದ್ದೇನೆ. ಇಂಥ ಹಳೆಯ ನೆಲಗಳ ಮೇಲೆ ಎಷ್ಟು ಕಡೆ ಟೈಲ್ಸು ಮುಚ್ಚಿದ್ದೇನೋ ನನಗೇ ಗೊತ್ತಿಲ್ಲ. ಒಂದು ಕಡೆಯೂ ಕೈ ಹಿಂದೆ ಸರಿಯಲಿಲ್ಲ. ಇಲ್ಲಿ ಸರಿಯುತ್ತಿದೆ. ಅದು ನಿನಗೆ ಅರ್ಥವಾಗದಿದ್ದರೆ ಬೇಡ.

ನಾನೇ ಐದು ಮಾದರಿ ಹಾಕಿ ನೋಡಿದೆ. ಒಂದು ಸುಣ್ಣದ ಹಾಗೆ ಬೆಳ್ಳಗೆ, ಒಂದು ಸಗಣಿಯ ಹಾಗೆ. ಮೂರನೆಯದನ್ನು ನೋಡಿ ಇಂಜಿನಿಯರಮ್ಮ, ‘ಇದನ್ನ ಯಾರಾದರೂ ತಿಂದು ಉಗುಳಿದ್ದಾರಾ?’ ಅಂದರು. ನಾಲ್ಕು, ಐದು ತೋರಿಸಲೇ ಇಲ್ಲ. ನಿನ್ನೆ ಟೈಲ್ಸಿನವನು ಬಂದು ಅಳತೆಪಟ್ಟಿ ಎಳೆದುಕೊಂಡು ಹಜಾರದ ತುಂಬ ಶಿಳ್ಳೆ ಹಾಕುತ್ತ ಓಡಾಡಿದ.

ನಿನ್ನ ಹಟಕ್ಕೆ ಅಪ್ಪನ ನೆಲ ಮುಚ್ಚಿಹೋದರೆ ಮುಚ್ಚಿದವಳು ನೀನು.

ತಮ್ಮ


ಏಪ್ರಿಲ್ ೧

ತಮ್ಮಾ,

ಇವತ್ತಿನ ತಾರೀಖು ನೋಡಿ ಮೋಸವೇನೋ ಅಂದುಕೊಳ್ಳಬೇಡ. ಅಂಚೆಗೆ ಬಿಡುವಾದದ್ದು ಇವತ್ತೇ. ಶಾಲೆ ಶುರುವಾಗುವುದರೊಳಗೆ ಇನ್ನೂರು ಸಮವಸ್ತ್ರ ಹೊಲಿಯಬೇಕು. ನಿನ್ನ ಹಾಗೆ ಹಳೆಯ ಕಲ್ಲು ಒರೆಸಿಕೊಂಡು ಕೂರಲು ಪುರಸೊತ್ತಿಲ್ಲ.

ಅಪ್ಪನಿಗೆ ಓದು ಬರಹ ಬಾರದು. ಅವರು ಎಲ್ಲವನ್ನೂ ಪ್ರಾಸ ಕಟ್ಟಿಕೊಂಡು ನೆನಪಿಟ್ಟುಕೊಳ್ಳುತ್ತಿದ್ದರು. ಕೊಟ್ಟಿಗೆಯ ಕರಿನೆಲಕ್ಕೆ ಒಂದು ಹಾಡು, ಮೆಟ್ಟಿಲಿಗೆ ಒಂದು ಹಾಡು. ತಂತಿ ಕಚೇರಿಯ ನೆಲಕ್ಕೆ ನಾಲ್ಕು ಸಾಲು. ಅದನ್ನು ನನ್ನ ಬಾಯಿಗೆ ಹಾಕಿದ್ದರು. ನಿನ್ನ ಬಾಯಿ ಆಗ ತೆರೆದೇ ಇರುತ್ತಿತ್ತು, ಗೊರಕೆಗೆ.

ಎರಡು ಸಾಲು ಕೊಡುತ್ತೇನೆ. ಉಚಿತ.

ಮೂರು ಬಿಳಿ, ಬೂದಿ ಒಂದು, ಇಟ್ಟಿಗೆ ಪುಡಿ ಹಿಡಿ ಕೊಟ್ಟು;
ಮೂರು ಜರಡಿಗೆ ಮೂರು ಗುಡ್ಡೆ, ತೊಳೆದು ನೆರಳಲ್ಲಿಟ್ಟು.

ಬಿಳಿ, ಬೂದಿ ಅಂದರೆ ಸಿಮೆಂಟಿನ ಬಣ್ಣ. ನಿನಗೆ ಬಿಡಿಸಿ ಹೇಳಬೇಕು, ಯಾಕೆಂದರೆ ನೀನು ಒಲೆಯ ಬೂದಿ ಹುಡುಕಿಕೊಂಡು ಹೋದರೂ ಹೋದೆಯೇ. ಉಳಿದ ಎರಡು ಸಾಲು ನಿನ್ನ ಏಳು ಪದದ ಕಾಗದಕ್ಕೆ ಕಾಯುತ್ತಿವೆ. ಅವು ಬಾರದೆ ಇವು ಬರೀ ಅಡುಗೆ ಸಾಮಾನು.

ಮುಚ್ಚಿದವಳು ನೀನು ಅಂದೆಯಲ್ಲ, ಆ ಹಜಾರದಲ್ಲಿ ಮುಚ್ಚುವ ಕೆಲಸ ನೀನು ಹುಟ್ಟುಹಾಕಿದ್ದೇನಲ್ಲ. ಅದರ ಬಗ್ಗೆ ನನಗೆ ಗೊತ್ತಿರುವಷ್ಟು ನಿನಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಅಕ್ಕ


ಏಪ್ರಿಲ್ ೧೯

ಅಕ್ಕನವರಿಗೆ,

ನಿನ್ನ ಎರಡು ಸಾಲಿನ ಭಿಕ್ಷೆಗೆ ವಂದನೆ. ಹಾಗೇ ಕಲಸಿದೆ. ಬಣ್ಣ ಹತ್ತಿರಕ್ಕೆ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಹರಳೆಲ್ಲ ತಳಕ್ಕಿಳಿದು ಮೇಲೆ ಬರೀ ಗಾರೆ. ಉಜ್ಜಿದರೆ ಅಲ್ಲೊಂದು ಇಲ್ಲೊಂದು ಹರಳು, ಬೊಕ್ಕಬಾಯಿಯ ಹಲ್ಲಿನ ಹಾಗೆ. ಪಕ್ಕದಲ್ಲಿ ಅಪ್ಪನ ನೆಲ ನೋಡಿದರೆ ಹರಳಿಗೆ ಹರಳು ತಾಗಿ ಕೂತಿದೆ. ನೀನು ಬೇಕೆಂದೇ ಅರ್ಧ ಕೊಟ್ಟೆ. ಅರ್ಧ ಕೊಡುವುದೆಂದರೆ ಪೂರ್ತಿ ಕೆಡಿಸುವುದು. ಇದನ್ನು ನಾನು ನಿನ್ನಿಂದಲೇ ಕಲಿತೆ.

ಇನ್ನು ನಿನ್ನ ಸಾಲೂ ಬೇಡ, ಸೋಲೂ ಬೇಡ. ದಾರಿ ನೆಲದಲ್ಲೇ ಸಿಕ್ಕಿತು.

ಹೋದ ಸೋಮವಾರ ದೊಡ್ಡ ಕೌಂಟರು ಎತ್ತಿಸಿದೆ. ನೆನಪಿದೆಯಲ್ಲ, ತಂತಿ ಫಾರಂ ತೆಗೆದುಕೊಳ್ಳುತ್ತಿದ್ದ ಆ ಮರದ ಕೋಟೆ. ಎಂಟು ಜನ ಸೇರಿ ದಬ್ಬಿದೆವು. ಕೆಳಗೂ ಬೋಳು ಗಾರೆಯೇ ಇರುತ್ತದೆ ಅಂದುಕೊಂಡಿದ್ದೆ. ಎತ್ತಿದರೆ ಕಣ್ಣು ಕೋರೈಸಿತು. ಆರಡಿ ಉದ್ದ ಮೂರಡಿ ಅಗಲ, ಸುತ್ತ ಹಿತ್ತಾಳೆ ಪಟ್ಟಿ, ಒಳಗೆ ಪೂರ್ತಿ ಮೊಸಾಯಿಕ್. ಅದೂ ಪಾಲಿಶ್ ಮಾಡಿದ್ದು! ಒಂದು ಕಾಲು ಬೀಳದ ನೆಲ, ಮೂವತ್ತೆಂಟು ವರ್ಷ ಕತ್ತಲಲ್ಲಿ ಹೊಳೆಯುತ್ತ ಕೂತಿತ್ತು. ಹಜಾರದ ಉಳಿದ ನೆಲಕ್ಕಿಂತ ಒಂದು ಕೈ ಮಿಗಿಲು. ಕೌಂಟರಿನಡಿಯ ನೆಲಕ್ಕೆ ಪಾಲಿಶ್ ಮಾಡುವ ಮೇಸ್ತ್ರಿಯನ್ನು ನೀನು ನೋಡಿದ್ದೀಯಾ? ಅಪ್ಪನಿಗೆ ಆ ದಿನ ಏನಾಗಿತ್ತೋ. ಬಹುಶಃ ಮೊದಲು ಕೈ ಪಳಗಿಸಿಕೊಳ್ಳಲು ಹಾಕಿದ ಮಾದರಿ ಇರಬೇಕು.

ಯಾರ ಹಂಗೂ ಬೇಡವಾಯಿತು. ಕೊಯ್ಯುವ ಯಂತ್ರ ತರಿಸಿ ಅದನ್ನು ತುಂಡು ಮಾಡಿದೆ. ಒಂಬತ್ತು ಗಾಯಕ್ಕೆ ಒಂಬತ್ತು ತುಂಡು ಕೂರಿಸಿದೆ. ಅದೇ ಹರಳು, ಅದೇ ಬಣ್ಣ, ಅದೇ ಕೈ. ಇಂಜಿನಿಯರಮ್ಮ ಬಂದು ಮಂಡಿಯೂರಿ ಕೂತು ಬೆರಳಾಡಿಸಿದರು. ‘ತೇಪೆ ಎಲ್ಲಿ?’ ಅಂದರು. ಇಂಥ ಪ್ರಶ್ನೆ ನನ್ನ ಕೆಲಸದ ಜೀವನದಲ್ಲಿ ಯಾರೂ ಕೇಳಿರಲಿಲ್ಲ. ಟೈಲ್ಸಿನವನು ಅಳತೆಪಟ್ಟಿ ಸುತ್ತಿಕೊಂಡು ಹೋದ. ಶಿಳ್ಳೆ ಇರಲಿಲ್ಲ.

ಕೊಯ್ದ ಜಾಗ ಬೋಳಾಗಿದೆ. ಹೊಸ ಸ್ವಾಗತದ ಮೇಜು ಅಲ್ಲೇ ಬರುತ್ತದೆ, ಮುಚ್ಚಿಹೋಗುತ್ತದೆ. ಕೆಲಸ ಮುಗಿಯಿತು, ನಿನ್ನ ಕೀಲಿಕೈ ನಿನ್ನಲ್ಲೇ ಇರಲಿ, ಬೀಗ ಒಡೆದಾಯಿತು.

ಇಂತಿ
ಹಂಗಿಲ್ಲದ ತಮ್ಮ


ಏಪ್ರಿಲ್ ೨೫

ಎಷ್ಟು ತುಂಡು ಮಾಡಿದೆ? ಒಂಬತ್ತೇ, ಅಥವಾ ಮಿಕ್ಕದ್ದೂ ಇದೆಯೇ?

ಮಿಕ್ಕದ್ದನ್ನು ಎಲ್ಲಿ ಹಾಕಿದೆ?

ಅಕ್ಕ


ಮೇ ೨

ಅಕ್ಕ,

ನಿನ್ನ ಮೂರು ಸಾಲು ಬಂತು. ಬೈಗುಳ ಇಲ್ಲದ ನಿನ್ನ ಕಾಗದ ನೋಡಿ ಗಾಬರಿಯಾಯಿತು. ಲಕೋಟೆ ತಿರುಗಿಸಿ ನೋಡಿದೆ, ಬೇರೆ ಯಾರದೋ ಬಂತೇನೋ ಅಂತ.

ಉತ್ತರ ಮೊದಲು ಹೇಳಿಬಿಡುತ್ತೇನೆ. ಒಂಬತ್ತು ತುಂಡು ನೆಲದಲ್ಲಿವೆ. ಮಿಕ್ಕದ್ದು ಯಂತ್ರದ ಹಲ್ಲಿಗೆ ಸಿಕ್ಕಿ ಪುಡಿಯಾಯಿತು. ಪುಡಿ ಹೊರಗೆ ಹೋಯಿತು. ಇನ್ನೇನೂ ಉಳಿದಿಲ್ಲ.

ಈಗ ನಾನು ಕೇಳಬೇಕಾದದ್ದು. ಕೇಳುವುದೂ ಬೇಡ, ನನಗೇ ಗೊತ್ತಾಗಿದೆ.

ತುಂಡು ಕೂರಿಸಿದ ಮೇಲೆ ಇಡೀ ನೆಲಕ್ಕೆ ಕೊನೆಯ ಪಾಲಿಶ್ ಕೊಡುತ್ತಿದ್ದೆವು. ಕಿಟಕಿಯ ಪಕ್ಕದ ತುಂಡನ್ನು ನಾನೇ ಉಜ್ಜುತ್ತಿದ್ದೆ. ಹರಳುಗಳ ನಡುವೆ ಒಂದು ದುಂಡಗಿನದು ಮೇಲೆದ್ದಿತು. ಚಿಪ್ಪಿನ ಬಿಳುಪು, ಓರೆಯಾಗಿ ನೋಡಿದರೆ ಗುಲಾಬಿ. ಹರಳು ಇಷ್ಟು ದುಂಡಗಿರುವುದಿಲ್ಲ. ಕನ್ನಡಕ ಹಾಕಿಕೊಂಡು ಬಗ್ಗಿದೆ. ನಡುವೆ ನಾಲ್ಕು ತೂತು. ಗುಂಡಿ. ಅಂಗಿಯ ಗುಂಡಿ.

ಮಿಕ್ಕ ಎಂಟನ್ನೂ ಮಂಡಿಯ ಮೇಲೆ ತೆವಳಿಕೊಂಡು ಹುಡುಕಿದೆ. ನಡೆಯಲಾರದವರ ಹಜಾರಕ್ಕೆ ಮೊದಲ ರೋಗಿ ನಾನೇ. ಇನ್ನೂ ನಾಲ್ಕು ಸಿಕ್ಕಿದವು. ಒಟ್ಟು ಐದು.

ನಿನ್ನ ನೀಲಿ ಅಂಗಿಗೆ ಏಳು ಚಿಪ್ಪಿನ ಗುಂಡಿ ಇತ್ತು. ನನಗೆ ಹೇಗೆ ಗೊತ್ತು ಅನ್ನುತ್ತೀಯಾ? ಮರೆಯಲು ಸಾಧ್ಯವೇ? ಒಂದು ದಿನ ಏಳೂ ಮಾಯವಾದವು. ‘ಆಟಕ್ಕೆ ಕಿತ್ತುಕೊಂಡು ಹೋಗಿದ್ದಾನೆ, ಕಳ್ಳ’ ಅಂತ ಅಮ್ಮ ನನ್ನನ್ನು ಹಿಡಿದು ಬಾರಿಸಿದರು. ಎಡಕ್ಕೆರಡು, ಬಲಕ್ಕೆರಡು. ನಾನಲ್ಲ, ನಾನಲ್ಲ ಅಂತ ಬಡಿದುಕೊಂಡೆ. ನೀನು ಬಾಗಿಲ ಹತ್ತಿರ ನಿಂತಿದ್ದೆ. ಕೈಯೆಲ್ಲ ಗಾರೆ. ಒಂದು ಮಾತಾಡಲಿಲ್ಲ! ನೀನು ಮಾಡಿದ್ದಕ್ಕೆ ನನಗೆ ಏಟು ಬೀಳುವಾಗ ಬಾಯಿ ಮುಚ್ಚಿಕೊಂಡು ನಿಂತವಳು, ನೀನು ಮಾಡಿದ್ದಕ್ಕೆ ನನಗೆ ಹೊಗಳಿಕೆ ಬಿದ್ದಾಗ ಮಾತ್ರ ಮೂವತ್ತೆಂಟು ವರ್ಷ ಹಲ್ಲು ಕಡಿಯುತ್ತಿದ್ದೀಯ.

ಇಷ್ಟು ಬರೆದು ಸಿಟ್ಟು ಇಳಿಯಿತು ಅಂದುಕೊಂಡೆ. ಇಳಿದಿಲ್ಲ. ಆದರೆ ಅದು ಯಾರ ಮೇಲೆ ಅನ್ನುವುದೇ ಈಗ ತಿಳಿಯದಾಗಿದೆ. ಅಪ್ಪ ಆ ತುಂಡು ನೆಲವನ್ನು ನಿನ್ನ ಕೈಯಲ್ಲಿ ಪೂರ್ತಿ ಹಾಕಿಸಿದ್ದಾರೆ. ಪಾಲಿಶ್ ಸಹ ಮಾಡಿಸಿದ್ದಾರೆ. ಮಾಡಿಸಿ, ಅದರ ಮೇಲೆ ಕೌಂಟರು ಕೂರಿಸಿದ್ದಾರೆ. ನಾನು ಅದನ್ನು ಹೊರಗೆ ತಂದೆ, ತಂದು ಒಂದೇ ದಿನಕ್ಕೆ ಕೊಯ್ದೆ. ಇಬ್ಬರಲ್ಲಿ ಯಾರು ಮೇಲು, ನೀನೇ ಹೇಳು.

ಬುಧವಾರ ಇಂಜಿನಿಯರಮ್ಮನ ಹತ್ತಿರ ಹೋಗಿದ್ದೆ. ಕಾಗದ ಬರೆದುಕೊಂಡೇ ಹೋಗಿದ್ದೆ, ನಿನ್ನ ಏಳು ಪದ. ನಕಲು ಇದರ ಜೊತೆಗಿದೆ. ಅವರು ಓದಿದರು. ಮತ್ತೆ ಓದಿದರು.

‘ಹಾಗಾದರೆ ನೀವು ಏನು ಮಾಡಿದ್ದು?’

‘ನೀರು ತಂದೆ.’

‘ಎಷ್ಟು ದೂರದಿಂದ?’

‘ಹಿಂದಿನ ಅಂಗಳದಿಂದ.’

ಅವರು ಕಿಟಕಿಯ ಕಡೆ ತಿರುಗಿ ನಿಂತರು. ನಗುತ್ತಿದ್ದಾರೋ ಬೈಗುಳ ಜೋಡಿಸುತ್ತಿದ್ದಾರೋ ಗೊತ್ತಾಗಲಿಲ್ಲ. ಆಮೇಲೆ, ‘ಕಲ್ಲಿನಲ್ಲಿ ಜಾಗ ಇದೆಯಲ್ಲ, ನೀರು: ಮಗ ಅಂತ ತಿದ್ದಿಸೋಣ’ ಅಂದರು. ತಿದ್ದಿಸುತ್ತಾರೆ ಅಂತಲೇ ಕಾಣುತ್ತದೆ, ಅವರು ತಮಾಷೆ ಮಾಡುವ ಜಾತಿಯಲ್ಲ. ಕೆಲಸದಿಂದ ತೆಗೆಯಲಿಲ್ಲ. ಆದರೆ ಮುಂದಿನ ಕಟ್ಟಡಕ್ಕೆ ಕರೆಯುವ ಮಾತನ್ನೂ ಆಡಲಿಲ್ಲ, ಮೊದಲು ದಿನಕ್ಕೆರಡು ಸಲ ಆಡುತ್ತಿದ್ದರು.

ಇನ್ನೊಂದು. ಸ್ವಾಗತದ ಮೇಜು ಆ ಜಾಗಕ್ಕೆ ಬರುವುದಿಲ್ಲ. ಗೋಡೆಗೆ ಸರಿಸಿ ಅಂದೆ. ಆ ಜಾಗಕ್ಕೆ ಬೆಳಕು ಚೆನ್ನಾಗಿ ಬೀಳುತ್ತದೆ, ನಡಿಗೆಯ ಸರಳು ಅಲ್ಲಿಂದಲೇ ಶುರುವಾಗಲಿ ಅಂದೆ. ಒಪ್ಪಿದರು. ಅಂದರೆ ಆರಡಿ ಮೂರಡಿ ಬೋಳು ಗಾರೆ, ಹಜಾರದ ನಟ್ಟನಡುವೆ, ಎಲ್ಲರ ಕಣ್ಣಿಗೆ. ಉಳಿದದ್ದೆಲ್ಲ ಹೊಳೆಯುವಾಗ ಅದೊಂದು ಬಾಯಿ ತೆರೆದುಕೊಂಡು ಕೂತಿದೆ. ಈ ಸಲ ಕೊಯ್ದು ತರಲು ಬೇರೆಲ್ಲೂ ನೆಲವಿಲ್ಲ. ಜೂನ್ ಹತ್ತಕ್ಕೆ ಸರಳು ನಿಲ್ಲಿಸುತ್ತಾರೆ. ಅಷ್ಟರೊಳಗೆ ಆಗದಿದ್ದರೆ ಆ ತುಂಡಿಗೆ ಮಾತ್ರ ಟೈಲ್ಸು.

ನಾನು ಏನನ್ನೂ ಕೇಳುತ್ತಿಲ್ಲ. ಸುದ್ದಿ ಹೇಳಿದೆ ಅಷ್ಟೆ.

ನೀರಿನವನು


ಮೇ ೨೦

ನೀರಿನವನಿಗೆ,

ನಕಲು ತಲುಪಿತು. ಏಳು ಪದದಲ್ಲಿ ಎರಡು ಕಾಗುಣಿತ ತಪ್ಪು. ಪರವಾಗಿಲ್ಲ, ನಿನ್ನ ಕೈಯಿಂದ ಸತ್ಯ ಹೊರಡುವುದೇ ಅಪರೂಪ, ಕುಂಟಿಕೊಂಡು ಬಂದರೂ ಬಂತು.

ಏಟಿನ ವಿಷಯ. ಹೌದು, ನಿಂತಿದ್ದೆ. ಹೌದು, ಮಾತಾಡಲಿಲ್ಲ. ಗುಂಡಿ ಎಲ್ಲಿ ಅಂತ ಅಮ್ಮನಿಗೆ ಹೇಳಿದರೆ ನೆಲ ಒಡೆಸುತ್ತಾರೆ ಅಂತ ಹೆದರಿದ್ದೆ. ಅಷ್ಟು ಹುಚ್ಚಿತ್ತು ನನಗೆ ಆ ನೆಲದ ಮೇಲೆ. ನಿನ್ನ ಕೆನ್ನೆಗಿಂತ ಅದು ಹೆಚ್ಚು ಅನ್ನಿಸಿತ್ತು. ಈಗಲೂ ಹಾಗೇ ಅನ್ನಿಸುತ್ತದೆ, ಸುಳ್ಳು ಯಾಕೆ?

ಅದನ್ನು ಹಾಕಿದ್ದು ಹೀಗೆ. ಹಜಾರ ಮುಗಿದು ಕೌಂಟರಿನ ಜಾಗ ಮಾತ್ರ ಉಳಿದಿತ್ತು. ‘ಇಷ್ಟನ್ನಾದರೂ ನಾನೊಬ್ಬಳೇ ಹಾಕ್ತೀನಿ’ ಅಂದೆ. ಅಪ್ಪ ತುಂಬ ಹೊತ್ತು ನನ್ನ ಕೈ ನೋಡಿದರು. ‘ಹಾಕು. ಯಾರಿಗೂ ಕಾಣಲ್ಲ’ ಅಂದರು. ಮೂರು ದಿನ ಹಾಕಿದೆ, ನನ್ನ ಗುರುತಿಗೆ ಅಂತ ಹರಳಿನ ಜೊತೆ ಏಳು ಗುಂಡಿಯನ್ನೂ ಬೀರಿದೆ, ಆರು ದಿನ ಉಜ್ಜಿದೆ. ಕೊನೆಯ ದಿನ ಅಪ್ಪ ಬಂದು ಚಪ್ಪಲಿ ಕಳಚಿಟ್ಟು ಅದರ ಮೇಲೆ ನಡೆದರು. ಆ ತುದಿಗೆ ಹೋದರು, ಈ ತುದಿಗೆ ಬಂದರು. ‘ಹ್ಞೂಂ’ ಅನ್ನಲೂ ಇಲ್ಲ. ಸಂಜೆ ಕೌಂಟರು ಬಂತು. ‘ಒಂದು ದಿನ ಇರಲಿ ಅಪ್ಪಾ, ನಾಳೆ ಇಡಿ’ ಅಂದೆ. ‘ಹುಡುಗಿ ಹಾಕಿದ ನೆಲ ಅಂತ ಗೊತ್ತಾದರೆ ಬಿರುಕಿಲ್ಲದ ಕಡೆಯೂ ಬಿರುಕು ಹುಡುಕ್ತಾರೆ’ ಅಂದರು. ಎಂಟು ಜನ ಎತ್ತಿ ಇಟ್ಟರು. ಆಗಲೂ ಎಂಟೇ ಜನ. ಮರುವಾರ ಅಪ್ಪನೇ ನನಗೆ ಹೊಲಿಗೆ ಯಂತ್ರ ತಂದುಕೊಟ್ಟರು.

ಇನ್ನೊಂದನ್ನು ಬರೆಯಬಾರದು ಅಂತಿದ್ದೆ. ಹದಿನೈದು ದಿನ ಅದಕ್ಕೇ ಹೋಯಿತು. ಮೂವತ್ತೆಂಟು ವರ್ಷ ಅದು ಇಡಿಯಾಗಿ ಇತ್ತು. ಯಾರಿಗೂ ಕಾಣದಿದ್ದರೂ ಇದೆಯಲ್ಲ ಅಂತ ನನಗೆ ಗೊತ್ತಿತ್ತು. ಸಮವಸ್ತ್ರಕ್ಕೆ ಕಾಜಾ ಹಾಕುವಾಗ ಒಮ್ಮೊಮ್ಮೆ ಅದರ ಮೇಲೆ ನಡೆದಾಡಿ ಬರುತ್ತಿದ್ದೆ. ಮಾರ್ಚಿನಲ್ಲೇ ನಾಲ್ಕು ಸಾಲನ್ನೂ ಕಳಿಸಿದ್ದರೆ ನೀನು ಯಂತ್ರ ತರಿಸುತ್ತಿರಲಿಲ್ಲ. ಕೊಯ್ದವನು ನೀನು, ಕೊಯ್ಯಿಸಿದವಳು ನಾನು. ಇದನ್ನು ಒಂದೇ ಸಲ ಬರೆಯುತ್ತಿದ್ದೇನೆ, ಎದುರಿಗೆ ಸಿಕ್ಕಾಗ ನೀನು ಎತ್ತಿದರೆ ನಾನು ಅಲ್ಲಿಂದಲೇ ವಾಪಸು.

ಉಳಿದ ಎರಡು ಸಾಲು:

ಸಣ್ಣದು, ನಡುವಣದು ಕಲಸಿ ಸುರಿ, ದಪ್ಪದ್ದು ಕೈಲಿಟ್ಟು;
ಬಿತ್ತಿದ ಹಾಗೆ ಬೀರಬೇಕು, ಬೆರಳ ಸಂದಿ ಬಿಟ್ಟು.

ಓದಿ ಹಾರಿ ಕುಣಿಯಬೇಡ. ಇದು ತಿಳಿದರೂ ನಿನ್ನಿಂದ ಆಗುವುದಿಲ್ಲ. ಬೆರಳ ಸಂದಿ ಎಷ್ಟು ಬಿಡಬೇಕು ಅನ್ನುವುದು ಹಾಡಿನಲ್ಲಿಲ್ಲ. ಹೆಚ್ಚು ಬಿಟ್ಟರೆ ಗುಡ್ಡೆ, ಕಡಿಮೆ ಬಿಟ್ಟರೆ ಬೋಳು. ಅದನ್ನು ಕಾಗದದಲ್ಲಿ ಕಳಿಸುವುದು ಹೇಗೆ? ಆದ್ದರಿಂದ ನಾನೇ ಬರುತ್ತಿದ್ದೇನೆ, ಇಪ್ಪತ್ತೆಂಟಕ್ಕೆ. ನಿನಗಾಗಿ ಅಲ್ಲ. ಆ ನಡುವಿನ ಬೋಳನ್ನು ನೆನೆಸಿಕೊಂಡರೆ ಇಲ್ಲಿ ನನ್ನ ಹೊಲಿಗೆ ಓರೆಯಾಗುತ್ತಿದೆ.

ನಿಲ್ದಾಣಕ್ಕೆ ಬರಬೇಡ. ದಾರಿ ಗೊತ್ತು. ಮೂರು ಜರಡಿ ತೆಗೆದಿಡು, ಹಳೆಯವೇ ಆಗಬೇಕು. ಇಟ್ಟಿಗೆಯನ್ನು ಒಡೆಯಬೇಡ, ನಾನೇ ಪುಡಿ ಮಾಡುತ್ತೇನೆ. ನೀರು ನೀನು ತರುತ್ತೀಯ, ಹಿಂದಿನ ಅಂಗಳದಿಂದಲೇ. ನಾನು ಕೆಲಸ ಮಾಡುವಾಗ ಹಿಂದೆ ನಿಂತು ‘ಹ್ಞೂಂ’ ಅನ್ನಕೂಡದು. ಅಪ್ಪನ ಕಥೆ ಹೇಳಕೂಡದು. ಮಲಗಲು ಸಿಮೆಂಟು ಚೀಲವಿದ್ದರೆ ಅದನ್ನು ಬೇರೆ ಕಡೆ ಸಾಗಿಸು.

ನೆಲ ಆರಿದ ಮೇಲೆ ಒಂದು ಇಡೀ ದಿನ ಅದರ ಮೇಲೆ ಏನೂ ಬರಬಾರದು. ಸರಳೂ ಇಲ್ಲ, ಮೇಜೂ ಇಲ್ಲ, ಇಂಜಿನಿಯರಮ್ಮನ ಚೀಲವೂ ಇಲ್ಲ. ಮಾರನೇ ದಿನ ಯಾರು ಬೇಕಾದರೂ ಕುಂಟಲಿ.

ಹೊಸ ನೆಲಕ್ಕೆ ಬೀರುವ ಗುಂಡಿ ಈ ಸಲ ನನ್ನದಲ್ಲ. ಅವತ್ತಿನ ನಾಲ್ಕು ಏಟಿಗೆ ನೀನು ಕಳ್ಳನಾಗಿದ್ದೆ ತಾನೆ? ಈಗ ಮಾಲೀಕನಾಗು. ಕೌಂಟರು ಎತ್ತಿದ ದಿನ ಹಾಕಿದ್ದ ಅಂಗಿ ಯಾವುದೋ, ಅದರ ಏಳೂ ಗುಂಡಿ ಬಿಚ್ಚಿಟ್ಟಿರು. ಅಂಗಿಯನ್ನು ತಂದು ನನ್ನ ಮುಂದೆ ಹಿಡಿಯಬೇಡ. ಹೊಲಿದುಕೊಡುವುದಿಲ್ಲ.

ಇತಿ
ಅಕ್ಕ